ತಾಮ್ರ ಬೆಳಗುವ ಹೊತ್ತಿಗೆ

"ಮುಟ್ಟಬ್ಯಾಡ್ರಿ...! ಕೈ ಹಿಂದಕ್ಕೆ ತಗೊಳ್ರಿ!"

ಲ್ಯಾಬಿನ ಬಾಗಿಲಿನಿಂದ ಬಂದ ಆ ಕೂಗಿಗೆ ನೂರೀನ್‌ಳ ಎದೆ ಧಸಕ್ಕೆಂದಿತು. ಚಾಚಿದ್ದ ಕೈ ಗಾಳಿಯಲ್ಲೇ ನಿಂತಿತು.

ತಿರುಗಿ ನೋಡಿದರೆ ಯಾರೋ ಅಪರಿಚಿತ. ಎತ್ತರದ ಯುವಕ. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ.

"ಯಾರ್ರೀ ನೀವು? ಹಿಂಗ್ಯಾಕ ಕೂಗ್ತೀರಿ?"

"ಆಮೇಲೆ ಹೇಳ್ತೀನಿ. ಮೊದ್ಲು ಆ ಗಾಜಿನ ಕೊಳವೆ ನೋಡ್ರಿ. ಒಳಗ ಏನ್ ಬಣ್ಣ ಐತೆ?"

ನೂರೀನ್ ನೋಡಿದಳು. ದ್ರವ ನೈಟ್ರೋಜನ್ ತುಂಬಿದ ಫ್ಲಾಸ್ಕಿನಲ್ಲಿ ಮುಳುಗಿದ್ದ, ಗಾಳಿ ಎಳೆಯುವ ವ್ಯಾಕ್ಯೂಮ್ ಲೈನಿನ ಕೊಳವೆಯ ತಳದಲ್ಲಿ ಒಂದಿಷ್ಟು ದ್ರವ ಕೂತಿತ್ತು. ತಿಳಿನೀಲಿ. ಎಷ್ಟು ಚೆಂದದ ನೀಲಿ!

ಮರುಕ್ಷಣವೇ ಅವಳ ಬೆನ್ನಲ್ಲಿ ತಣ್ಣನೆಯ ಬೆವರು ಇಳಿಯಿತು.

ಆಮ್ಲಜನಕ... ಎಲ್ಲಿಂದಲೋ ಗಾಳಿ ಒಳಗೆ ನುಗ್ಗಿ, ಆ ಚಳಿಗೆ ಆಮ್ಲಜನಕ ದ್ರವವಾಗಿ ನಿಂತಿದೆ! ವಾಲ್ವ್ ಮುಚ್ಚಿ ಫ್ಲಾಸ್ಕ್ ಕೆಳಗಿಳಿಸಿದ್ದರೆ ಆ ದ್ರವ ಬಿಸಿಯಾಗಿ ಉಬ್ಬುತ್ತಿತ್ತು. ಗಾಜು ಸಿಡಿದು, ಕೋಣೆಯೇ ಹಾರಿಹೋಗುತ್ತಿತ್ತೋ ಏನೋ. ಅವಳು ಮಾಡಲು ಹೊರಟಿದ್ದು ಅದನ್ನೇ.

"ಪಂಪ್ ಓಡ್ತಾ ಇರ್ಲಿ. ಏನನ್ನೂ ಮುಚ್ಚಬ್ಯಾಡ್ರಿ. ನಡೀರಿ, ಹೊರಗ ನಡೀರಿ!" ಅವನು ಎದುರಿನ ರಕ್ಷಣೆಯ ಗಾಜಿನ ಪರದೆಯನ್ನು ಎಳೆದು ಇಳಿಸಿದ. ಅವಳ ಮಣಿಕಟ್ಟು ಹಿಡಿದುಕೊಂಡೇ ಮೆಟ್ಟಿಲಿಳಿದ.

ಇಡೀ ಮಹಡಿಯವರು ಅಂಗಳದ ಬೇವಿನ ಮರದಡಿ ನಿಂತರು. ಮಧ್ಯಾಹ್ನವೆಲ್ಲ ಮೇಲೆ ಪಂಪ್ ಗುರ್ ಅನ್ನುತ್ತಲೇ ಇತ್ತು. ನೀಲಿ ದ್ರವ ಮೆಲ್ಲಗೆ ಆವಿಯಾಗಿ ಹೋಯಿತು. ಏನೂ ಸಿಡಿಯಲಿಲ್ಲ. ಯಾರಿಗೂ ಏನೂ ಆಗಲಿಲ್ಲ.

ಆದರೆ ನೂರೀನ್‌ಳ ಒಳಗೆ ಏನೋ ಸಿಡಿದುಹೋಗಿತ್ತು.

ಅವನ ಹೆಸರು ತಾರಿಕ್ ಎಂದು ಅವಳಿಗೆ ಗೊತ್ತಾಗಿದ್ದು ಸಂಜೆ. ದಾವಣಗೆರೆಯ ಆನೆಕೊಂಡದ ಹುಡುಗ. ಪುಣೆಯಲ್ಲಿ ಪಿಎಚ್‌ಡಿ ಮುಗಿಸಿ, ಅವಳದೇ ಗೈಡ್ ರೇವಣ್ಣ ಸರ್ ಲ್ಯಾಬಿಗೆ ಅಂದೇ ಸೇರಿದ್ದ.

"ಸ್ವಲ್ಪ ತಡವಾಗಿ ಬಂದಿದ್ರೂ..." ಎಂದು ಗೆಳತಿ ಸುಷ್ಮಾ ಮಾತು ಅರ್ಧಕ್ಕೇ ನುಂಗಿದಳು.

ಆ ನುಂಗಿದ ಮಾತೇ ನೂರೀನ್‌ಳನ್ನು ಹರಿಹರದ ಮನೆಯವರೆಗೂ ಬೆನ್ನಟ್ಟಿತು.

ಅಂದಿನಿಂದ ಎಲ್ಲದಕ್ಕೂ ಭಯ. ಅಮ್ಮಿ ಮಾಬೂಬೀ ಅಡುಗೆಮನೆಯಲ್ಲಿ ಕುಕ್ಕರ್ ಇಟ್ಟರೆ, ಸೀಟಿ ಹೊಡೆಯುವ ಮೊದಲೇ ಇವಳು ವರಾಂಡಕ್ಕೆ ಓಡುತ್ತಿದ್ದಳು. ದಾವಣಗೆರೆಯ ಬಸ್ಸು ಹರಿಹರ ಬಿಟ್ಟು ಹೊರಟಿತೆಂದರೆ ಇಳಿದುಬಿಡಲೇ ಎಂದು ಬಾಗಿಲನ್ನೇ ನೋಡುತ್ತಿದ್ದಳು. ಲ್ಯಾಬಿನ ಪಂಪಿನ ಸದ್ದು ಕಿವಿಗೆ ಬಿದ್ದರೆ ಸಾಕು, ಪುಡಿ ತೆಗೆಯುವ ಸ್ಪ್ಯಾಚುಲಾ ಕೈಯಿಂದ ಜಾರಿ ಬೀಳುತ್ತಿತ್ತು.

ಅವಳ ಕೆಲಸವೋ ನಡುಗುವ ಕೈಗೆ ಒಲಿಯುವಂಥದ್ದಲ್ಲ. ಅವಳು ಹಿಡಿದ ತಾಮ್ರದ ರೂಪ ಬಲು ಮುಂಗೋಪಿ. ಚೂರು ಗಾಳಿ ತಾಗಿದರೆ ಕ್ಷಣದಲ್ಲಿ ಹಸಿರುಗಟ್ಟಿ ಕೆಟ್ಟುಹೋಗುತ್ತದೆ. ಅದನ್ನು ಕಾಯುವುದಕ್ಕೇ ಕಾರ್ಬೀನ್ ಎಂಬ ಲಿಗ್ಯಾಂಡ್... ತನ್ನ ಇಂಗಾಲದಿಂದ ತಾಮ್ರವನ್ನು ಬಿಗಿಯಾಗಿ ಹಿಡಿದುಕೊಂಡು, ಸುತ್ತ ದಪ್ಪ ಗೋಡೆಯಂತೆ ನಿಲ್ಲುವ ಅಣು. ಹಾಗೆ ಸಿಕ್ಕ ಸಂಯುಕ್ತ ನೇರಳಾತೀತ ದೀಪದ ಕೆಳಗೆ ಬೆಳಗಬೇಕು ಎಂದು ಲೆಕ್ಕ ಹೇಳುತ್ತಿತ್ತು. ದುಬಾರಿ ಲೋಹವಿಲ್ಲದೆ, ಬರೀ ತಾಮ್ರದಿಂದ ಬೆಳಕು! ಆ ಆಸೆಗೇ ಅವಳು ಇಷ್ಟು ವರ್ಷ ಬಸ್ಸು ಹತ್ತಿದ್ದು.

ಜೀವ ಉಳಿಸಿದವನಿಗೆ ಒಂದು ಥ್ಯಾಂಕ್ಸ್ ಆದರೂ ಹೇಳೋಣವೆಂದು ಮರುದಿನ ಕ್ಯಾಂಟೀನಿನಲ್ಲಿ ಅವನ ಎಡಪಕ್ಕಕ್ಕೆ ಹೋಗಿ ನಿಂತಳು. ನಕ್ಕಳು. ತಾರಿಕ್ ಅವಳತ್ತ ನೋಡಲೂ ಇಲ್ಲ! ಚಹಾದ ಲೋಟ ಎತ್ತಿಕೊಂಡು ಎದ್ದು ಹೋದ.

ಮತ್ತೊಂದು ದಿನ ಕಾರಿಡಾರಿನಲ್ಲಿ ಎಡಕ್ಕೆ ಬಂದು "ಸಲಾಂ" ಅಂದಳು, ಮೆಲ್ಲಗೆ. ಉತ್ತರವೇ ಇಲ್ಲ.

'ಬುದ್ಧಿಯಿಲ್ಲದವಳು ಅಂತ ತೀರ್ಮಾನ ಮಾಡಿಬಿಟ್ಟಿದ್ದಾನೆ... ಮಾಡಲಿ ಬಿಡು, ನಾನು ಮಾಡಿದ್ದೂ ಅಂಥದ್ದೇ ಅಲ್ವಾ?'

ಅದೂ ಸಾಲದೆಂಬಂತೆ ರೇವಣ್ಣ ಸರ್ ಕರೆದರು.

"ನೋಡಮ್ಮ, ಬೇಜಾರ್ ಮಾಡ್ಕೋಬ್ಯಾಡ. ನಿನ್ನನ್ನ ಆ ವ್ಯಾಕ್ಯೂಮ್ ಲೈನ್ ಹತ್ರ ಬಿಡಬ್ಯಾಡ್ರಿ ಅಂತ ತಾರಿಕ್ ಹೇಳ್ದ. ನಿನ್ನ ಸಂಯುಕ್ತ ಅವನೇ ಮಾಡಿಕೊಡ್ತಾನಂತೆ."

"ಅವ್ರು... ಹಂಗಂದ್ರಾ ಸರ್?"

"ಹೂನಮ್ಮ."

ಕಣ್ಣು ತುಂಬಿ ಬಂತು. ಹೊರಗೆ ಬಂದಳು. ಅವಳ ತಾಮ್ರ, ಅವಳ ಬೆಳಕು... ಎಲ್ಲ ಅವನ ಕೈಗೆ! ಅದಕ್ಕಿಂತ ಹೆಚ್ಚು ನೋವಾಗಿದ್ದು ಇನ್ನೊಂದಕ್ಕೆ. ಸರ್ ಹಾಗೆ ಹೇಳಿದಾಗ ಅವಳೊಳಗೆ ಎಲ್ಲೋ ಒಂದು ಹಗುರ ನಿಟ್ಟುಸಿರು ಎದ್ದಿತ್ತು. 'ಸದ್ಯ, ಇನ್ನು ಅಲ್ಲಿಗೆ ಹೋಗಬೇಕಿಲ್ಲ...'

ಮನೆಯಲ್ಲೇ ಉಳಿದಳು. ಅಬ್ಬಾ ಹಿದಾಯತ್ ಸಾಹೇಬರು ಬಳೆ ಅಂಗಡಿಯಿಂದ ಊಟಕ್ಕೆ ಬಂದಾಗ ಮಗಳ ಮುಖ ನೋಡಿ ಸುಮ್ಮನೆ ತಲೆ ಸವರುತ್ತಿದ್ದರು. ಅಮ್ಮಿ ಮಾತ್ರ ಕೇಳಿಯೇಬಿಟ್ಟರು.

"ರಾಣೆಬೆನ್ನೂರಿನ ಮನೆಯವ್ರು ಭಾನುವಾರ ಹೆಣ್ಣು ನೋಡಾಕ ಬರ್ತೀವಿ ಅಂತಾರ. ಬರ್ಲೇನು ಬೇಟಾ? ಜೀವಕ್ಕೆ ಅಪಾಯ ಇರೋ ಓದು ಯಾಕ ಬೇಕು?"

ನೂರೀನ್ ಕುಕ್ಕರಿನತ್ತ ನೋಡಿದಳು.

"ಬರ್ಲಿ ಅಮ್ಮಿ," ಅಂದಳು. ಹಾಗೆ ಹೇಳಿಸಿದ್ದು ಅವಳ ಭಯ.

ಎರಡು ದಿನ ಬಿಟ್ಟು, ಡೆಸ್ಕಿನಲ್ಲಿದ್ದ ತನ್ನ ಸಾಮಾನು ತರಲು ದಾವಣಗೆರೆಗೆ ಹೋದಳು. ಲ್ಯಾಬಿನಲ್ಲಿ ತಾರಿಕ್ ಒಬ್ಬನೇ ಇದ್ದ. ಅದೇ ಲೈನಿನ ಮುಂದೆ ಬಾಗಿ ಹೊಸ ರಬ್ಬರ್ ಕೊಳವೆ ಜೋಡಿಸುತ್ತಿದ್ದ.

ಸಿಟ್ಟು ನೆತ್ತಿಗೇರಿತು. ನೇರ ಅವನ ಎಡಮಗ್ಗುಲಿಗೆ ಹೋಗಿ ನಿಂತಳು.

"ಸಂತೋಷ ಆಯ್ತೇನ್ರೀ ಈಗ?"

ತಾರಿಕ್ ಬೆಚ್ಚಿಬಿದ್ದ. ಕೈಯಲ್ಲಿದ್ದ ಗಾಜಿನ ಬಿರಡೆ ಜಾರಿ ನೆಲಕ್ಕೆ ಬಿದ್ದು ಚೂರಾಯಿತು. ಸಣ್ಣ ಸದ್ದು, ಅಷ್ಟೇ. ಆದರೆ ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಗೋಡೆಗೆ ಒರಗಿಬಿಟ್ಟ!

ನೂರೀನ್ ಗಾಬರಿಯಾದಳು. "ತಾರಿಕ್... ಏನಾಯ್ತ್ರೀ? ತಾಗಿತಾ?"

ಅವನು ಮೆಲ್ಲಗೆ ಮುಖದಿಂದ ಕೈ ತೆಗೆದ.

"ನೀವು ಬಂದಿದ್ದು ಕಾಣ್ಲಿಲ್ಲ," ಅಂದ. "ಈ ಕಡೆ... ನನಗ ಏನೂ ಕಾಣಲ್ಲ. ಎಡಗಣ್ಣು ಗಾಜಿಂದು. ಆ ಕಿವೀನೂ ಮಂದ."

ನೂರೀನ್ ಸುತ್ತಿ ಅವನ ಬಲಕ್ಕೆ ಬಂದು ನಿಂತಳು.

"ಪುಣೆ ಲ್ಯಾಬಲ್ಲಿ, ತಾಮ್ರದ ಉಪ್ಪಿದ್ದ ಕಸದ ಬಾಟ್ಲಿಗೆ ಯಾರೋ ಅಜೈಡ್ ಸುರಿದಿದ್ರು, ತಾಮ್ರಕ್ಕೆ ಸೇರಿದ್ರೆ ಸಿಡಿಯೋ ವಸ್ತು. ನಾನು ಬಾಟ್ಲಿ ಎತ್ತಿ ಇಟ್ಟೆ, ಅಷ್ಟೇ. ಸ್ಫೋಟ ಆಯ್ತು." ಅವನ ದನಿ ಒಡೆಯಿತು. "ಅವತ್ತು ಬಾಗ್ಲಲ್ಲಿ ನಿಂತಾಗ ಆ ನೀಲಿ ಕಾಣ್ತು. ಅದರ ಮುಂದೆ ನಿಮ್ಮ ಮುಖ... ಆವತ್ತಿಂದ ಕಣ್ಣು ಮುಚ್ಚಿದ್ರೆ ಅದೇ ಬರ್ತೈತೆ ನೂರೀನ್."

ಕ್ಯಾಂಟೀನು, ಕಾರಿಡಾರು, ಉತ್ತರ ಬಾರದ ಸಲಾಂ... ಎಲ್ಲ ಒಟ್ಟಿಗೆ ಅವಳ ಎದೆಗೆ ಬಂದು ತಾಗಿತು. ಆದರೂ ಇನ್ನೊಂದು ಮುಳ್ಳು ಉಳಿದಿತ್ತು.

"ಅದಕ್ಕ ನನ್ನ ಕೆಲಸ ಕಿತ್ಕೊಂಡ್ರಾ?"

"ಕಿತ್ಕೊಳ್ಳೋದಲ್ರೀ. ಹಳೇ ರಬ್ಬರ್ ಕೊಳವೆ ಬಿರುಕು ಬಿಟ್ಟಿತ್ತು, ಗಾಳಿ ಅಲ್ಲಿಂದ ಬಂದಿದ್ದು. ನಿಮ್ಮದೇನೂ ತಪ್ಪಿಲ್ಲ ಅಂತ ಸರ್‌ಗೆ ಅವತ್ತೇ ಹೇಳೀನಿ. ಆದ್ರೂ... ಏನಾರ ಆಗೋದಿದ್ರೆ ನನಗೇ ಆಗ್ಲಿ ಅಂತ..."

ತಪ್ಪು ತನ್ನದಲ್ಲ! ಅವಳು ಸ್ಟೂಲಿನ ಮೇಲೆ ಕುಳಿತಳು. ಅತ್ತಳು. ಕಣ್ಣೊರೆಸಿಕೊಂಡು ತಲೆಯೆತ್ತಿದಾಗ ಅವಳ ದನಿ ಗಟ್ಟಿಯಾಗಿತ್ತು.

"ತಾರಿಕ್, ಹೆದರಿಕೆ ನಿಮಗೈತೆ. ನನಗೂ ಐತೆ. ನಿಮ್ಮ ಹೆದರಿಕೆಗೆ ನನ್ನ ಕೈ ಯಾಕ ಕಟ್ಟಿದ್ರಿ? ನನ್ನನ್ನ ಒಂದು ಮಾತು ಕೇಳ್ಬೇಕಿತ್ತಲ್ಲ?"

ಅವನು ತಲೆ ತಗ್ಗಿಸಿದ. "ಕೇಳ್ಬೇಕಿತ್ತು. ತಪ್ಪಾಯ್ತು. ಸರ್‌ಗೆ ಈಗ್ಲೇ ಹೇಳ್ತೀನಿ."

ಹೇಳಿದ. ಮರುದಿನ ಬೆಳಿಗ್ಗೆ ಲೈನಿನ ಮುಂದೆ ನೂರೀನ್ ನಿಂತಳು, ಪಕ್ಕದಲ್ಲಿ ಸುಷ್ಮಾ, ಹಿಂದೆ ಬಾಗಿಲ ಬಳಿ ತಾರಿಕ್.

ಪಂಪ್ ಶುರುವಾಯಿತು. ಕೈಗವಸಿನೊಳಗೆ ಬೆರಳು ತಣ್ಣಗೆ. 'ಅಲ್ಲಾಹ್... ಓಡಿಹೋಗ್ಲಾ?' ಓಡಲಿಲ್ಲ. ಪ್ರತಿ ಜೋಡಣೆ ಮುಟ್ಟಿ ನೋಡಿದಳು, ಮತ್ತೆ ಮುಟ್ಟಿ ನೋಡಿದಳು. ಕಾರ್ಬೀನ್ ಹಿಡಿದ ತಾಮ್ರದ ದ್ರಾವಣಕ್ಕೆ ಸೂಜಿಯಿಂದ ಹನಿಹನಿಯಾಗಿ ಎರಡನೆಯ ದ್ರಾವಣ ಬಿಟ್ಟಳು. ಹಸಿರಾಯಿತಾ? ಇಲ್ಲ... ಇನ್ನೂ ಇಲ್ಲ... ತೆಳುಹಳದಿಯಾಗಿಯೇ ನಿಂತಿತು.

ಕೊನೆಯದು ಬಂತು. ದ್ರಾವಕವನ್ನೆಲ್ಲ ಪಂಪಿನಿಂದ ಎಳೆದು ಪುಡಿ ಉಳಿಸಿ, ಆ ನೈಟ್ರೋಜನ್ ಫ್ಲಾಸ್ಕನ್ನು ಕೆಳಗಿಳಿಸುವ ಕೆಲಸ. ಅದೇ ಫ್ಲಾಸ್ಕು, ಅದೇ ಕೈ.

ಕೊಳವೆಯ ತಳ ನೋಡಿದಳು. ಬಿಳಿ. ಬರೀ ಹೆಪ್ಪುಗಟ್ಟಿದ ದ್ರಾವಕ.

"ಸುಷ್ಮಾ, ನೀನೂ ನೋಡೇ. ನೀಲಿ ಐತಾ?"

"ಇಲ್ಲ ಕಣೇ. ಬಿಳೀನೇ."

ಉಸಿರು ಬಿಗಿಹಿಡಿದು, ನಿಯಮದಂತೆ ಆವಿ ಹೊರಹೋಗಲು ದಾರಿ ಬಿಟ್ಟು, ಮೆಲ್ಲಗೆ ಇಳಿಸಿದಳು.

ಏನೂ ಆಗಲಿಲ್ಲ.

ತಿರುಗಿ ನೋಡಿದರೆ ತಾರಿಕ್ ಅಲ್ಲಿರಲಿಲ್ಲ! ಹೊರಗೆ ಹುಡುಕಿದಳು. ಮೆಟ್ಟಿಲ ಮೇಲೆ ಮುದುಡಿ ಕುಳಿತಿದ್ದ. ಎರಡೂ ಕಿವಿ ಮುಚ್ಚಿಕೊಂಡಿದ್ದ, ತುಟಿ ದುವಾ ಹೇಳುತ್ತಿತ್ತು. ಅಂದು ಇಡೀ ಮಹಡಿಯನ್ನು ಉಳಿಸಿದವನು!

ಅವಳು ಅವನೆದುರು ಮಂಡಿಯೂರಿ, ಕಿವಿಯಿಂದ ಅವನ ಕೈ ಬಿಡಿಸಿದಳು.

"ಮುಗೀತು ರೀ. ಏಳ್ರಿ... ಬರ್ರಿ, ನೋಡ್ರಿ."

ಸುಷ್ಮಾ ಕಿಟಕಿಯ ಪರದೆ ಎಳೆದು ದೀಪ ಆರಿಸಿದಳು. ನೂರೀನ್ ನೇರಳಾತೀತ ದೀಪ ಹಿಡಿದಳು. ಮಬ್ಬಿನಲ್ಲಿ ಆ ಚಿಟಿಕೆ ಪುಡಿ ತಟ್ಟನೆ ಬೆಳಗಿತು. ಉಸಿರಾಡಲೂ ಮರೆತುಹೋಗುವಂಥ ಆಕಾಶನೀಲಿ!

"ನೂರೀನ್..." ಅವನ ಗಲ್ಲ ಒದ್ದೆಯಾಗಿತ್ತು. "ಮಾಡಿಬಿಟ್ರಿ!"

ಸುಷ್ಮಾಗೆ ಅದೇ ಹೊತ್ತಿಗೆ ರೇವಣ್ಣ ಸರ್ ನೆನಪಾದರು. "ಕರ್ಕೊಂಡ್ ಬರ್ತೀನಿ ತಡೀರಿ," ಎಂದು ನಗುತ್ತಾ ಓಡಿದಳು.

ನೂರೀನ್ ಫೋನ್ ತೆಗೆದಳು.

"ಅಮ್ಮಿ... ರಾಣೆಬೆನ್ನೂರಿನವ್ರಿಗೆ ಭಾನುವಾರ ಹೆಣ್ಣು ನೋಡಾಕ ಬರಬ್ಯಾಡ್ರಿ ಅಂತ ಹೇಳಿಬಿಡು. ಯಾಕಂತ ಮನೆಗೆ ಬಂದು ಹೇಳ್ತೀನಿ."

ಫೋನ್ ಇಟ್ಟಳು. ತಾರಿಕ್ ಅವಳನ್ನೇ ನೋಡುತ್ತಿದ್ದ.

"ಆ ಭಾನುವಾರ... ನಾನು ಬರ್ಲಾ? ನಮ್ಮ ಅಮ್ಮಿನ ಕರ್ಕೊಂಡು?"

ಅವಳ ಎದೆ ಮತ್ತೆ ಧಸಕ್ಕೆಂದಿತು. ಈ ಸಲ ಓಡಬೇಕೆನಿಸಲಿಲ್ಲ.

"ಕೇಳಿದ್ರಲ್ಲ, ಈ ಸಲ," ಅಂದಳು ಮೆಲ್ಲಗೆ.

"ಕೇಳ್ದೆ. ಉತ್ರ ಹೇಳ್ರಿ. ಜೀವ ಹೋಗ್ತೈತೆ ಇಲ್ಲಿ."

"ಬರ್ರಿ."

"ನಿಮ್ಮ ಅಬ್ಬಾ ಏನಂತಾರೋ... ಬಾಳ ಹೆದರಿಕೆ ಆಗ್ತೈತೆ ನೂರೀನ್."

"ನನಗೂ," ಅಂದಳು ಅವಳು, ಅವನ ಕೈಯನ್ನು ಹಿಡಿದುಕೊಂಡು. "ಆದ್ರೂ ಬರ್ರಿ."