ಹೆಪ್ಪುಗಟ್ಟಿದ ಮದ್ದು

ಗುಬ್ಬಿ ಠಾಣೆಗೆ ದೂರು ಬಂದಾಗ ಬೆಳಗಿನ ಹತ್ತು ಗಂಟೆ. ಊರಿನ ನರ್ಸಿಂಗ್ ಹೋಮೊಂದರ ಔಷಧಿ ವಿಭಾಗದ ಅನಂತರಾಜು ಬರೆದುಕೊಟ್ಟ ದೂರು: ಫ್ರಿಜ್ಜಿನಲ್ಲಿದ್ದ ಇಮ್ಯುನೊಗ್ಲೋಬ್ಯುಲಿನ್ ಎಂಬ ಚುಚ್ಚುಮದ್ದಿನ ಸೀಸೆ ಕಳುವಾಗಿದೆ.

"ಒಂದು ಸೀಸೆಗೆ ಎಫ್‌ಐಆರಾ?" ಎಂದ ಹೆಡ್ ಕಾನ್‌ಸ್ಟೇಬಲ್ ಭೀಮರಾಜ್.

"ಆರು ಗಂಟೆಗೆ ಹುಟ್ಟಿದ ಮಗೂಗೆ ತರಿಸಿದ್ದು ಸಾರ್. ತಾಯಿ ಶಿಲ್ಪಾಗೆ ಹೆಪಟೈಟಿಸ್ ಬಿ. ಲಸಿಕೆ ಹಾಕಿದೀವಿ. ಜೊತೆಗೆ ಇದೂ ಹನ್ನೆರಡು ಗಂಟೆಯೊಳಗೆ ಬೀಳ್ಬೇಕು. ತಪ್ಪಿದ್ರೆ ರೋಗ ಮಗೂನ ಲಿವರ್‌ನಲ್ಲಿ ಜೀವನಪೂರ್ತಿ ಉಳ್ಕೋಬಹುದು. ತುಮಕೂರಿಗೂ ಫೋನ್ ಮಾಡ್ದೆ, ಎಲ್ಲೂ ಸಿಗ್ಲಿಲ್ಲ."

ಇನ್‌ಸ್ಪೆಕ್ಟರ್ ಅರುಣಾ ಆಗಲೇ ಟೋಪಿ ಎತ್ತಿಕೊಂಡಿದ್ದರು.

ಸ್ಥಳ ಪಂಚನಾಮೆಯಲ್ಲಿ ಎರಡು ಸಂಗತಿ ಕಂಡವು. ಪಕ್ಕದಲ್ಲೇ ಇದ್ದ ದುಬಾರಿ ಇಂಜೆಕ್ಷನ್‌ಗಳನ್ನು ಯಾರೂ ಮುಟ್ಟಿರಲಿಲ್ಲ. ಐಸ್ ಟ್ರೇಗಳು ಮಾತ್ರ ಖಾಲಿ.

"ಇದು ಮಾರೋಕೆ ಕದ್ದಿದ್ದಲ್ಲ," ಎಂದರು ಅರುಣಾ. "ಕದ್ದವರ ಮನೇಲೂ ಒಂದು ಹಸುಗೂಸಿದೆ."

ನರ್ಸ್ ತಡೆದು ತಡೆದು ಹೇಳಿದಳು: ಆಯಾ ಚಿಕ್ಕಗಂಗಮ್ಮ ಒಂಬತ್ತಕ್ಕೇ ಹೊರಟಳು. ಮಗಳು ಇಂಪನಾಗೆ ಕುಣಿಗಲ್‌ನಲ್ಲಿ, ಗಂಡನ ಮನೆಯಲ್ಲೇ ಹೆರಿಗೆಯಾಯಿತಂತೆ.

ತುಮಕೂರಿನಲ್ಲಿ ಬಸ್ಸು ಬದಲಿಸಿದ ಚಿಕ್ಕಗಂಗಮ್ಮ ಕುಣಿಗಲ್ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವಷ್ಟರಲ್ಲಿ ಜೀಪು ಅಲ್ಲಿತ್ತು. ಅವಳ ಕೈಯಲ್ಲಿ ಟಿಫನ್ ಕ್ಯಾರಿಯರ್, ತಳದಿಂದ ನೀರು ತೊಟ್ಟಿಕ್ಕುತ್ತಿತ್ತು.

"ಏನದು?"

"ಬಾಣಂತಿಗೆ ಸಾರು, ಮೇಡಂ."

"ಸಾರಿಗೆ ಐಸ್ ಹಾಕ್ಕೊಂಡು ಉಣ್ತಾರೇನಮ್ಮ ನಿಮ್ ಕಡೆ?" ಎಂದು ಭೀಮರಾಜ್ ಮುಚ್ಚಳ ತೆಗೆದ.

ಐಸಿನ ಮೇಲೆ ಕಲ್ಲುಪ್ಪು. ಒಳಗೆ ಸೀಸೆ ಬೆಳ್ಳಗೆ ಗಟ್ಟಿಯಾಗಿತ್ತು.

"ಉಪ್ಪು ಯಾಕೆ?"

"ನಮ್ಮೆಜಮಾನ್ರು ಐಸ್‌ಕ್ಯಾಂಡಿ ಮಾರೋರು. ಉಪ್ಪು ಹಾಕಿದ್ರೆ ಥಂಡಿ ಜಾಸ್ತಿ ಅನ್ನೋರು. ಮದ್ದು ಕೆಡಬಾರ್ದು ಅಂತ..."

ಅರುಣಾ ಡಾಕ್ಟರಿಗೆ ಫೋನ್ ಮಾಡಿದರು. ಹೆಪ್ಪುಗಟ್ಟಿದ್ದು ಇನ್ನು ಪ್ರಯೋಜನಕ್ಕೆ ಬರುವುದಿಲ್ಲ, ಎಸೆಯಬೇಕು ಎಂದರು ಅವರು.

"ಡಾಕ್ಟ್ರನ್ನೇ ಕೇಳ್ಬೋದಿತ್ತಲ್ಲ?"

"ಕೇಳಿದ್ರೆ ಮಗಳ ಹೆಸ್ರು ಹೇಳ್ಬೇಕಲ್ಲ. ಅವ್ಳಿಗೂ ಈ ಕಾಯ್ಲೆ ಅಂತ ತಿಳಿದ್ರೆ ಅತ್ತೆ ಮನೇಲಿ ಇಟ್ಕೊಂಡಾರಾ? ಸೂಜಿ ನಾನೇ ಹಾಕ್ಬೇಕು ಅಂತಿದ್ದೆ, ದಿನಾ ನೋಡಿದೀನಲ್ಲ."

"ಮನೆ ಎಲ್ಲಿ?"

ಚಿಕ್ಕಗಂಗಮ್ಮ ಹೇಳಲ್ಲ ಎಂಬಂತೆ ತಲೆಯಾಡಿಸಿದಳು.

ಅರುಣಾ ದನಿ ತಗ್ಗಿಸಿದರು. "ಈ ಮದ್ದಲ್ದೆ ಲಸಿಕೆ ಅಂತ ಒಂದಿದೆ, ಅದನ್ನ ಹುಟ್ಟಿದ ಎಲ್ಲ ಮಕ್ಕಳಿಗೂ ಹಾಕ್ತಾರೆ. ನರ್ಸ್ ಮನೆಗೆ ಹೋದ್ರೆ ಯಾಕೆ ಅಂತ ಯಾರೂ ಕೇಳಲ್ಲ."

"ಎಲ್ಲ ಮಕ್ಳಿಗೂ?" ಎಂದು ಕೇಳಿ ಖಾತ್ರಿ ಮಾಡಿಕೊಂಡಳು. ಆಮೇಲೆ ಮನೆಯ ಗುರುತು ಹೇಳಿದಳು.

ಮಧ್ಯಾಹ್ನ ಎರಡು ಗಂಟೆಗೆ ಇಂಪನಾಳ ಕೂಸಿಗೆ ಲಸಿಕೆ ಬಿತ್ತು. ಇಮ್ಯುನೊಗ್ಲೋಬ್ಯುಲಿನ್ ಮಾತ್ರ ತುಮಕೂರಿನಲ್ಲಿ ಹುಡುಕಿ ಹುಡುಕಿ ಸಿಕ್ಕಿದ್ದು ಒಂದೇ ಸೀಸೆ. ಸಂಜೆ ಐದಕ್ಕೆ ಅದು ಶಿಲ್ಪಾಳ ಮಗುವಿಗೆ ಹೋಯಿತು. ಇಂಪನಾಳ ಕೂಸಿನದು ಬೆಂಗಳೂರಿನಿಂದ ನಾಳೆ ಬರಬೇಕು. ತಡವಾದಷ್ಟೂ ಅದರ ಬಲ ಕಡಿಮೆ.

ದಸ್ತಗಿರಿ ಪತ್ರಕ್ಕೆ ಹೆಬ್ಬೆಟ್ಟು ಒತ್ತುತ್ತಾ ಚಿಕ್ಕಗಂಗಮ್ಮ ಕೇಳಿದಳು, "ನಮ್ ಮಗೀಗೆ ಅಂಟಿಲ್ಲ ಅಂತ ಯಾವಾಗ ಗೊತ್ತಾಗುತ್ತೆ?"

"ಒಂಬತ್ತು ತಿಂಗಳಾದ್ಮೇಲೆ ರಕ್ತ ನೋಡ್ತಾರೆ."

"ಅಷ್ಟೊತ್ತಿಗೆ ನನ್ನ ಬಿಟ್ಟಿರ್ತೀರಾ?"

ಅರುಣಾ ಪತ್ರವನ್ನು ತಮ್ಮತ್ತ ಎಳೆದುಕೊಂಡರು. ಕೃತ್ಯದ ಉದ್ದೇಶ ಎಂಬಲ್ಲಿ ‘ಮೊಮ್ಮಗುವಿಗಾಗಿ’ ಎಂದಷ್ಟೇ ಬರೆದರು. ಇಂಪನಾಳ ಕಾಯಿಲೆಯ ಹೆಸರು ಎಲ್ಲೂ ಬರೆಯಲಿಲ್ಲ.