ನೇರಳೆ ಹರಳಿನೊಳಗಿನ ಗರಿ

"ವೇಲ್ ತಗದು ಮ್ಯಾಲೆತ್ತಿ ಹಿಡೀರಿ... ಜಲ್ದಿ ಹಿಡೀರಿ!"

ದನಿ ಬಂದದ್ದು ಆಕಾಶದಿಂದ.

ಕಮಲಾಪುರದ ಹೊರಗೆ, ಅಜ್ಜಿಯ ತೊಗರಿ ಹೊಲದ ಬದುವಿನಲ್ಲಿ ನಿಂತಿದ್ದ ಅಂಜನಾ ಬೆಚ್ಚಿ ತಲೆಯೆತ್ತಿದಳು. ಬಟ್ಟೆಯ ದೊಡ್ಡ ರೆಕ್ಕೆಯ ಕೆಳಗೆ, ಬೆನ್ನಿಗೆ ಫ್ಯಾನಿನಂಥ ಯಂತ್ರ ಕಟ್ಟಿಕೊಂಡ ಮನುಷ್ಯನೊಬ್ಬ ತೇಲಿ ಬರುತ್ತಿದ್ದ. ಯಂತ್ರ ನಿಂತುಹೋಗಿತ್ತು.

ವೇಲ್ ತೆಗೆಯಬೇಕಂತೆ... ಎಂಥ ನಾಚಿಕೆಗೆಟ್ಟವನು!

ಅವಳು ವೇಲನ್ನು ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡು ತಲೆ ತಗ್ಗಿಸಿದಳು.

ಮರುಕ್ಷಣ ಅವನು ತೊಗರಿ ಸಾಲಿನೊಳಗೆ ಉರುಳಿ ಬಿದ್ದ.

"ಗಾಳಿ ಯಾವ ಕಡೆ ಅದ ಅಂತ ಬಟ್ಟೆ ನೋಡಿ ತಿಳ್ಕೊತೀವ್ರಿ," ಬಾಯೊಳಗಿನ ಮಣ್ಣು ಉಗುಳುತ್ತಾ ಅವನು ಎದ್ದ. "ಗಾಳಿಗೆ ಎದುರಾಗಿ ಇಳೀಬೇಕು. ಇಲ್ಲಂದ್ರ ಹಿಂಗ ಬೀಳ್ತೀವಿ."

"ನಾ... ನಾ ಬ್ಯಾರೆ ತಿಳ್ಕೊಂಡೆ."

"ಏನಂತ?"

ಅವಳ ಮುಖ ಕಿವಿಯವರೆಗೂ ಕೆಂಪೇರಿತು. ಹಿಂದಿನಿಂದ ಅಜ್ಜಿ ಭಾಗಮ್ಮ ಕೂಗಿದಳು, "ಏ ತಮ್ಮಾ, ಅಷ್ಟು ದೊಡ್ಡ ಆಕಾಶ ಬಿಟ್ಟು ನನ್ನ ತೊಗರಿನೇ ಬೇಕಾಗಿತ್ತೇನೋ ನಿನಗ?"

ಹೀಗೆ ಅಂಜನಾಳ ಬದುಕಿಗೆ ದೇವಾನಂದ ಇಳಿದಿದ್ದ.

ಕಪನೂರದ ಕಲ್ಲು ಪಾಲಿಶ್ ಕಾರ್ಖಾನೆಯಲ್ಲಿ ಅವನ ಕೆಲಸ. ಆದರೆ ಅವನ ಜೀವವಿದ್ದದ್ದು ಮೂರು ಹವ್ಯಾಸಗಳಲ್ಲಿ. ಹಾರುವುದು, ಫೋಟೋ ತೆಗೆಯುವುದು, ಹರಳು ಕತ್ತರಿಸುವುದು. ಮೂರನ್ನೂ ಕಲಿಸಿದವನು ಅವನ ಕಾಕಾ ಕಾಶಿರಾಯ.

"ನಾ ಲಗ್ನ ಆಗ್ಲಿಲ್ಲ ಯವ್ವಾ," ಎಂದು ಕಾಕಾ ಅಂಜನಾಳಿಗೆ ಹೇಳಿ ನಕ್ಕಿದ್ದ. "ಮೂರು ಹುಚ್ಚು ಕಟ್ಕೊಂಡು ಮುದುಕ ಆದೆ. ಒಂದೂ ಒಂದಿನ ತವರಿಗೆ ಹೋಗ್ಲಿಲ್ಲ. ಈಗ ಮೂರೂ ಇವನ ಕೊರಳಿಗಿ ಬಿದ್ದಾವ."

ಅಂಜನಾ ಡಿಗ್ರಿ ಮುಗಿಸಿ ಶಹರದ ಸ್ಟೇಶನ್ ಬಜಾರದ ಸ್ಟುಡಿಯೋ ಒಂದರಲ್ಲಿ ಮದುವೆ ಫೋಟೋ ತಿದ್ದುತ್ತಿದ್ದಳು. ಆಕಾಶದಿಂದ ತೆಗೆದ ಚಿತ್ರಗಳನ್ನು ಪ್ರಿಂಟ್ ಮಾಡಿಸುವ ನೆಪದಲ್ಲಿ ಅವನು ಬರತೊಡಗಿದ. ಲೆನ್ಸನ್ನು ತಿರುಗಿಸಿ ಹಿಡಿದರೆ ಸಾಸಿವೆಯೂ ಗುಡ್ಡದಷ್ಟು ಕಾಣುತ್ತದೆಂದು ಕಲಿಸಿದ್ದು ಅವನೇ. ಯಾರೆದುರೂ ಬಾಯಿ ಬಿಡದ ಹುಡುಗಿ ಅವನೆದುರು ಮಾತು ಕಲಿತಳು.

ಒಂದು ದಿನ ತಾಯಿಯ ಹಳೆಯ ಪದಕವನ್ನು ಅವನ ಅಂಗೈಯಲ್ಲಿಟ್ಟಳು. ಅದರಲ್ಲಿ ಅರಗಿನಿಂದ ಕೂರಿಸಿದ ನೇರಳೆ ಹರಳು ಗೀರು ಬಿದ್ದು ಮಂಕಾಗಿತ್ತು.

"ಅವ್ವ ಹೋದ ಮ್ಯಾಲೆ ಇದೊಂದೇ ಉಳದದ. ಮತ್ತ ಹೊಳಿಯೂ ಹಂಗ ಮಾಡಿ ಕೊಡ್ತೀರಿ?"

"ಜೀವ ಇಟ್ಟು ಮಾಡ್ತೀನ್ರಿ."

ಅಂದೇ ಸಂಜೆ ಅವನು ಆ ಹರಳಿನ ಚಿತ್ರವೊಂದನ್ನು ಅವಳ ಫೋನಿಗೆ ಕಳಿಸಿದ. ನೇರಳೆ ಬಣ್ಣದ ಆಳದಲ್ಲಿ ತೆಳ್ಳನೆಯ ಬಿರುಕು, ತುದಿ ಬಾಗಿದ ಗಿಳಿಯ ಗರಿಯಂತೆ. 'ನಿಮ್ಮ ಅವ್ವನ ಕಲ್ಲಿನೊಳಗ ಗರಿ ಅದ ನೋಡ್ರಿ' ಎಂದು ಬರೆದಿದ್ದ.

ಆಮೇಲೆ ಅವನು ಮೌನಿಯಾದ. ಫೋನ್ ಮಾಡಿದರೆ "ಇನ್ನಾ ಸ್ವಲ್ಪ ಕೆಲಸ ಅದ್ರಿ" ಎಂದಷ್ಟೇ ಹೇಳಿ ಇಟ್ಟುಬಿಡುತ್ತಿದ್ದ. ಕೊನೆಗೊಮ್ಮೆ ಸ್ಟುಡಿಯೋಗೆ ಬಂದು, ಅವಳ ಮುಖವನ್ನೂ ನೋಡದೆ, ಕಾಗದದ ಪೊಟ್ಟಣ ಮೇಜಿನ ಮೇಲಿಟ್ಟ.

ಬಿಚ್ಚಿದಳು. ಖಾಲಿ ಪದಕದ ಪಕ್ಕದಲ್ಲಿ ಹರಳು ಹೊಳೆಯುತ್ತಿತ್ತು. ಆದರೆ ಅದು ಹಳದಿಯಾಗಿತ್ತು...

"ಇದು... ಅವ್ವಂದಲ್ಲ."

ಅವನು ತಲೆ ತಗ್ಗಿಸಿ ಹೊರಟುಹೋದ.

ಬಂಗಾರದಂಗಡಿಯ ಸರಾಫ ಹರಳು ನೋಡಿ, "ಕಲ್ಲು ಬ್ಯಾರೇನೇ ಅದ್ರಿ ಅಕ್ಕಾರ. ನೇರಳೆ ಎಲ್ಲಿ, ಹಳದಿ ಎಲ್ಲಿ," ಎಂದ. ಅಜ್ಜಿಯದು ಇನ್ನೂ ಖಾರ. "ಓತಿಕ್ಯಾತ ಬಣ್ಣ ಬದಲಾಸ್ತದ. ಕಲ್ಲು ಬದಲಾಸ್ತದೇನ? ಬದಲಾಗಿದ್ದು ಆ ಹುಡ್ಗ."

ಅಂಜನಾ ಕಪನೂರಕ್ಕೆ ಹೋದಳು. ಕಾರ್ಖಾನೆಯ ಗೇಟಿನಲ್ಲಿ, ಎಲ್ಲರ ಕಣ್ಣೆದುರು ನಿಂತು ಕೇಳಿದಳು.

"ಅವ್ವನ ಕಲ್ಲು ಯಾರಿಗಿ ಮಾರಿದ್ರಿ?"

ಅವನ ಮುಖ ಬಿಳಿಚಿತು. "ಮಾರಿಲ್ರಿ."

"ಹಂಗಾದ್ರ ಎಲ್ಲದ?"

"ಅದು... ಇಲ್ರಿ ಈಗ. ನನ್ನ ಕೈಯಿಂದಾನೇ ಹೋತು."

"ಸಾಕ್ರಿ. ಇನ್ನ ನಿಮ್ಮ ಮುಖ ತೋರಿಸ್ಬ್ಯಾಡ್ರಿ."

ನಂತರದ ದಿನಗಳಲ್ಲಿ ಅವಳಿಗೆ ಊಟ ಸೇರಲಿಲ್ಲ. ತಿದ್ದಲು ಕುಳಿತರೆ ಪ್ರತಿ ಮದುಮಗನ ಮುಖವೂ ಅವನದೇ. ತಾಯಿಯೂ ಎರಡನೇ ಸಲ ಸತ್ತಂತಾಗಿತ್ತು. ಯಾರಿಗಾಗಿ ಅಳುತ್ತಿದ್ದೇನೆಂದು ಅವಳಿಗೇ ತಿಳಿಯಲಿಲ್ಲ. ಅವ್ವನಿಗೋ... ಅವನಿಗೋ?

ಒಂದು ಮಧ್ಯಾಹ್ನ, ಬ್ಯಾಗಿನ ತಳದಲ್ಲಿದ್ದ ಆ ಹಳದಿ ಹರಳನ್ನು ಕಸದ ಬುಟ್ಟಿಗೆ ಎಸೆಯಲು ತೆಗೆದಳು. ಅದು ಜಾರಿ ಮೇಜಿನ ಮೇಲಿದ್ದ ಪೇಪರಿನ ಮೇಲೆ ಬಿತ್ತು.

ಹರಳಿನ ಕೆಳಗಿದ್ದ ಅಕ್ಷರ ಒಂದೂ ಕಾಣಲಿಲ್ಲ. ಬರೀ ಬೆಳಕು.

ಅವನೇ ಒಮ್ಮೆ ಹೇಳಿದ್ದ. 'ಕೆಟ್ಟದಾಗಿ ಕತ್ತರಿಸಿದ ಹರಳಿನಾಗ ಕೆಳಗಿನ ಅಕ್ಷರ ಓದಾಕ ಬರ್ತದ್ರಿ. ಛಲೋ ಕೆಲಸ ಆಗಿದ್ರ ಒಳಗ ಹೋದ ಬೆಳಕು ತಿರುಗಿ ನಿಮ್ಮ ಕಣ್ಣಿಗೇ ಬರ್ತದ.'

ಮೋಸ ಮಾಡುವವನು ಇಷ್ಟು ನಿಷ್ಠೆಯಿಂದ ಕೆಲಸ ಮಾಡುತ್ತಾನೆಯೇ?

ಕ್ಯಾಮೆರಾ ಎಳೆದುಕೊಂಡಳು. ಲೆನ್ಸ್ ತಿರುಗಿಸಿ ಹಿಡಿದಳು. ಹಳದಿ ಬೆಳಕು ಗುಡ್ಡದಷ್ಟು ದೊಡ್ಡದಾಯಿತು. ಅದರ ಆಳದಲ್ಲಿ...

ಗರಿ.

ತುದಿ ಬಾಗಿದ, ತೆಳ್ಳನೆಯ ಅದೇ ಗಿಳಿಯ ಗರಿ. ಫೋನಿನ ಚಿತ್ರ ತೆರೆದು ಪಕ್ಕದಲ್ಲಿಟ್ಟಳು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಅದು ಅವ್ವನದೇ ಹರಳು!

ಅವನಿಗೆ ಫೋನ್ ಮಾಡಿದಳು. ಬಂದ್ ಆಗಿತ್ತು. ಕಾಕಾನಿಗೆ ಮಾಡಿದಳು.

"ಕಮಲಾಪುರದ ಮೈದಾನದಾಗ ಅದೀವಿ ಯವ್ವಾ. ಇವತ್ತ ಕಡೀ ಸಲ ಹಾರ್ತೀನಿ ಅಂತಾನ. ನಾಳಿಗಿ ರೆಕ್ಕಿ ಬೀದರಿನವ್ರಿಗಿ ಕೊಟ್ಟು, ಕ್ಯಾಮೆರಾ, ಹರಳು ಉಜ್ಜೋ ಸಾಣಿ ಎಲ್ಲಾ ಬಿಟ್ಟು ಪುಣೆಕ್ಕ ಹೋಗ್ತಾನಂತ. ಗಾಳಿ ಸರಿ ಇಲ್ಲ ಅಂದ್ರೂ ಕೇಳವಲ್ಲ."

ಬಸ್ಸಿನಲ್ಲಿ ಸೀಟು ಸಿಕ್ಕರೂ ಅವಳು ಕೂರಲಿಲ್ಲ. ಬಾಗಿಲ ಕಂಬಿ ಹಿಡಿದು ನಿಂತೇ ಹೋದಳು. ದೇವರೇ, ಅವನು ಕಾಲು ನೆಲ ಬಿಡುವ ಮೊದಲು ನನ್ನನ್ನು ಅಲ್ಲಿಗೆ ಮುಟ್ಟಿಸು...

ಮೈದಾನ ತಲುಪಿದಾಗ ರೆಕ್ಕೆ ಆಗಲೇ ಮೋಡದ ಕೆಳಗೆ ಚುಕ್ಕಿಯಾಗಿತ್ತು.

ಕಾಶಿರಾಯ ಕಾಕಾ ಒಬ್ಬನೇ ಕಣ್ಣಿಗೆ ಕೈ ಅಡ್ಡ ಹಿಡಿದು ನಿಂತಿದ್ದ.

"ಕಾಕಾ, ಹರಳು ಹಳದಿ ಹ್ಯಾಂಗ ಆತು?"

"ಪದಕದ ಅರಗು ಕರಗ್ಸಾಕ ದೀಪದ ಉರಿ ಸಾಕು ಯವ್ವಾ. ನಿನಗ ಜಲ್ದಿ ಕೊಡೂ ಆಸೆಕ್ಕ ಬಿದ್ದು ಗ್ಯಾಸಿನ ಉರಿ ಹಿಡಿದಾನ ಹುಚ್ಚಪ್ಪ. ಈ ನೇರಳೆ ಕಲ್ಲಿಗಿ ಅಷ್ಟು ಉರಿ ಬಿತ್ತಂದ್ರ ಬಣ್ಣ ಸುಟ್ಟು ಹಳದಿ ಆಗ್ತದ. ತಿರುಗಿ ಬರಂಗಿಲ್ಲ."

"ನನಗ್ಯಾಕ ಹೇಳ್ಲಿಲ್ಲ ಕಾಕಾ?"

"ಹೇಳೋ ಅಂದೆ. 'ಕಳ್ಳ ಅಂದ್ರ ಸೈಸ್ತೀನಿ ಕಾಕಾ, ಅವರ ಅವ್ವನ ಬಣ್ಣ ಸುಟ್ಟೆ ಅಂತ ಯಾವ ಬಾಯಿಲೆ ಹೇಳ್ಲಿ' ಅಂದ."

ಆಗ ಮೇಲೆ ಯಂತ್ರದ ಸದ್ದು ಕೆಮ್ಮಿತು. ಮತ್ತೆ ಕೆಮ್ಮಿತು. ನಿಂತುಹೋಯಿತು.

ಗಾಳಿ ಒಮ್ಮೆ ಊರ ಕಡೆಯಿಂದ, ಒಮ್ಮೆ ಹೊಲದ ಕಡೆಯಿಂದ ತಿರುಗಿ ತಿರುಗಿ ಹೊಡೆಯುತ್ತಿತ್ತು. ಕಂಬಕ್ಕೆ ಕಟ್ಟಿದ್ದ ಗಾಳಿಗುರುತಿನ ಬಟ್ಟೆ ಹರಿದು ಸುತ್ತಿಕೊಂಡಿತ್ತು. ರೆಕ್ಕೆ ಓಲಾಡುತ್ತಾ ಕೆಳಗಿಳಿಯುತ್ತಿತ್ತು. ಕಾಕಾ ಕಂಬದ ಕಡೆ ಕೈ ತೋರಿಸಿದ.

"ಗಾಳಿ ಗೊತ್ತಾಗವಲ್ದು ಅವನಿಗಿ..."

ಅಂಜನಾ ಓಡಿದಳು. ಓಡುತ್ತಲೇ ವೇಲನ್ನು ಎಳೆದು ತೆಗೆದಳು. ಮೈದಾನದ ನಟ್ಟನಡುವೆ, ರಸ್ತೆಯಲ್ಲಿ ನಿಂತ ಜನರೆಲ್ಲ ನೋಡುತ್ತಿದ್ದಂತೆ, ಎರಡೂ ಕೈ ಎತ್ತಿ ಅದನ್ನು ಬಾನಿಗೆ ಹಿಡಿದಳು. ವೇಲ್ ಪಟಪಟನೆ ಬಡಿದು ಹೊಲದ ಕಡೆಗೆ ನೆಟ್ಟಗೆ ಚಾಚಿತು.

ನೋಡು... ದಯವಿಟ್ಟು ಒಮ್ಮೆ ಕೆಳಗೆ ನೋಡು.

ರೆಕ್ಕೆ ತಿರುಗಿತು. ಊರ ಕಡೆಗೆ, ಗಾಳಿಗೆ ಎದುರಾಗಿ.

ಅವನ ಕಾಲುಗಳು ನೆಲ ಮುಟ್ಟಿದವು. ಓಡಿ, ಮುಗ್ಗರಿಸಿ, ಅವಳ ಮುಂದೆಯೇ ಮಂಡಿಯೂರಿ ನಿಂತ. ಅವಳ ಕೈಗಳು ಇನ್ನೂ ಮೇಲೆಯೇ ಇದ್ದವು.

"ಇಳದೀನ್ರಿ," ಅವನು ಏದುಸಿರು ಬಿಡುತ್ತಾ ಹೇಳಿದ. "ಇನ್ನ ಕೈ ಇಳಸ್ರಿ."

ಅವಳು ಕೈ ಇಳಿಸಿದಳು. ಅಳು ಉಕ್ಕಿ ಬಂತು. "ಗರಿ ನೋಡ್ದೆ."

ಅವನು ಕಣ್ಣು ಮುಚ್ಚಿಕೊಂಡ. "ಬಣ್ಣ ನನ್ನಿಂದ ತಿರುಗಿ ತರಾಕ ಆಗಂಗಿಲ್ಲ ಅಂಜನಾ."

"ಗೊತ್ತದ."

"ಜನ್ಮ ಪೂರ್ತಿ ಆ ಹಳದಿ ನೋಡಿದಾಗೊಮ್ಮೆ ನನ್ನ ತಪ್ಪು ನೆನಪಾಗ್ತದ ನಿಮಗ."

"ಆಗ್ಲಿ. ಕಾರ್ಖಾನಿ ಗೇಟಿನಾಗ ನಾ ಅಂದ ಮಾತೂ ನಿಮಗ ನೆನಪಾಗ್ತದಲ್ಲ. ಇಬ್ಬರೂ ಕೂಡೇ ಇದ್ದು ನೆನಸೂಣು." ಬ್ಯಾಗಿನಿಂದ ಪದಕ, ಹರಳು ಎರಡನ್ನೂ ತೆಗೆದು ಅವನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು. "ಪದಕದಾಗ ಕೂಡಸ್ರಿ. ನಮ್ಮ ಲಗ್ನದಾಗ ಹಾಕೊಳ್ಳಾಕ ಬೇಕು."

ಅವನು ಅವೆರಡನ್ನೂ ಎದೆಯ ಜೇಬಿಗೆ ಹಾಕಿಕೊಂಡ. ಮೆಲ್ಲಗೆ ಕೇಳಿದ.

"ಅವತ್ತು ವೇಲ್ ಎತ್ತು ಅಂದಾಗ ಏನಂತ ತಿಳ್ಕೊಂಡಿದ್ದೆ? ಇನ್ನಾ ಹೇಳಿಲ್ಲ ನೀ."

ಅವಳು ಅದೇ ವೇಲಿನಲ್ಲಿ ಮುಖ ಮುಚ್ಚಿಕೊಂಡಳು.

"ಲಗ್ನ ಆದ ಮ್ಯಾಲೆ ಹೇಳ್ತೀನ್ರಿ."