ತೊಳೆದಿಟ್ಟ ಕೋವಿ

2025ರ ಸೆಪ್ಟೆಂಬರ್ 30, ಮಂಗಳವಾರ, ಸಂಜೆ ನಾಲ್ಕು ಗಂಟೆ ನಲವತ್ತು ನಿಮಿಷ. ಮಾರನೆಯ ದಿನ ಆಯುಧಪೂಜೆ. ನಂಜನಗೂಡಿನ ಠಾಣೆಯಲ್ಲಿ ಜೀಪು ತೊಳೆಯುವುದು ಮೊದಲೋ ಬೂದುಗುಂಬಳ ತರುವುದು ಮೊದಲೋ ಎಂದು ಪೇದೆಗಳು ಜಗ್ಗಾಡುತ್ತಿದ್ದಾಗ ಹೆಮ್ಮರಗಾಲದ ಕಡೆಯ ಅಮೃತೇಶ್ ಎಂಬ ರೈತ ಒಳಗೆ ಬಂದು ದೂರಿನ ಹಾಳೆಯನ್ನು ಮೇಜಿನ ಮೇಲಿಟ್ಟ. ತನ್ನ ತಂದೆ ಸಿದ್ದಮಲ್ಲಪ್ಪ, ವಯಸ್ಸು ಅರವತ್ನಾಲ್ಕು, ತೋಟದ ಮನೆಯ ಜಗಲಿಯಲ್ಲಿ ಬೆಳೆ ರಕ್ಷಣೆಯ ಪರವಾನಗಿ ಕೋವಿಯನ್ನು ಹಬ್ಬಕ್ಕೆಂದು ಒರೆಸುತ್ತಿದ್ದಾಗ ಆಕಸ್ಮಿಕವಾಗಿ ಗುಂಡು ಹಾರಿ ತೀರಿಕೊಂಡಿದ್ದಾರೆ, ಯಾರ ಮೇಲೂ ಅನುಮಾನವಿಲ್ಲ ಎಂದು ಅದರಲ್ಲಿತ್ತು.

ಇನ್ಸ್‌ಪೆಕ್ಟರ್ ಚೆಲುವರಾಜು ಆ ಹೆಸರನ್ನು ಎರಡು ಸಲ ಓದಿದರು. ಮೂರು ವರ್ಷದ ಹಿಂದೆ, ಹೊಳೆಯ ಆಚೆ ಕಡೆಯ ಒಂದು ಠಾಣೆಯಲ್ಲಿ ಸಬ್ ಇನ್ಸ್‌ಪೆಕ್ಟರ್ ಆಗಿದ್ದಾಗ, ಇದೇ ಸಿದ್ದಮಲ್ಲಪ್ಪನವರ ಹೇಳಿಕೆಯನ್ನು ಅವರೇ ಬರೆದುಕೊಂಡಿದ್ದರು. ಆಗಲೂ ವಿಷಯ ಕೋವಿಯದೇ. ಅದನ್ನು ಯಾರಿಗೂ ಹೇಳದೆ, ಅಸಹಜ ಸಾವು ಎಂದು ಪ್ರಕರಣ ದಾಖಲಿಸಿ ಜೀಪು ಹತ್ತಿದರು.

ಸ್ಥಳಕ್ಕೆ ತಲುಪಿದಾಗ ಐದು ಇಪ್ಪತ್ತು. ಹೆಡ್ ಕಾನ್ಸ್‌ಟೆಬಲ್ ಮಹಾದೇವಸ್ವಾಮಿ ಪಂಚರನ್ನು ಕರೆತರಲು ಹೋದರು. ಕಾನ್ಸ್‌ಟೆಬಲ್ ಅರ್ಪಿತ ಫೋಟೊ ತೆಗೆಯತೊಡಗಿದಳು. ಹೆಣ ಬೆತ್ತದ ಕುರ್ಚಿಯ ಪಕ್ಕ ಅಂಗಾತ ಬಿದ್ದಿತ್ತು, ಗುಂಡು ಎದೆಗೆ ಬಿದ್ದಿತ್ತು. ಒಂಟಿ ನಳಿಗೆಯ ತೋಟಾ ಕೋವಿ ಅದರ ಬಲಕ್ಕೆ, ಮಡಿಸಿದ ಟವೆಲಿನ ಮೇಲೆ, ನೀಟಾಗಿ ಮಲಗಿತ್ತು. ಕಿಟಕಿಯ ಕಟ್ಟೆಯ ಮೇಲೆ ಅಂಗಡಿಯಿಂದ ತಂದ ಎಣ್ಣೆಯ ಡಬ್ಬಿ. ಅದರ ಸೀಲು ಒಡೆದಿರಲಿಲ್ಲ. ಡಬ್ಬಿಯ ಪಕ್ಕದಲ್ಲಿ ಹಾರಿಸಿದ ತೋಟಾದ ಖಾಲಿ ಕೊಳವೆಯನ್ನು ಯಾರೋ ನೆಟ್ಟಗೆ ನಿಲ್ಲಿಸಿದ್ದರು.

ಅರ್ಪಿತ ಕೈಗವಸು ಹಾಕಿಕೊಂಡು ಕೋವಿಯನ್ನು ನಡುವೆ ಮಡಚಿ ತೆರೆದು, ನಳಿಗೆಯನ್ನು ಬೆಳಕಿಗೆ ಹಿಡಿದಳು.

“ಸರ್, ಒಳಗೆ ಕನ್ನಡಿ ಇದ್ದಂಗಿದೆ. ಗುಂಡು ಹಾರಿದ್ಮೇಲೆ ಮಸಿ ಇರ್ಬೇಕಲ್ವಾ?”

“ಇರಬೇಕು.”

“ಎದೆಗೆ ಗುಂಡು ಬಿದ್ದವರು ಎದ್ದು ಕೊಳವೆ ತೆಗೆದು, ನಳಿಗೆ ಉಜ್ಜಿ, ಟವೆಲ್ ಮಡಿಸಿ ಮಲಗಿದ್ರಾ ಸರ್?”

ಆ ಮಾತಿನ ಕುಹಕಕ್ಕೆ ಬೇರೆ ದಿನವಾಗಿದ್ದರೆ ಚೆಲುವರಾಜು ಗದರುತ್ತಿದ್ದರು. ಈಗ ಅವರು ಬಗ್ಗಿ ನಳಿಗೆಯನ್ನು ಮೂಸಿದರು. ಸೀಮೆಎಣ್ಣೆ, ಟರ್ಪೆಂಟೈನ್, ಅವೆರಡರ ಹಿಂದೆ ಕರ್ಪೂರ. ದೇವರ ಮನೆಯ ವಾಸನೆ ಕೋವಿಯ ಬಾಯಿಂದ ಬರುತ್ತಿತ್ತು. ಆ ವಾಸನೆಯನ್ನು ಅವರು ಮರೆತಿರಲಿಲ್ಲ.

ಅಮೃತೇಶನನ್ನು ಕರೆದರು.

“ಕೋವಿ ಮುಟ್ಟಿದಿರಾ?”

“ಇಲ್ಲ ಸರ್. ನಾನೂ ಅಮ್ಮನೂ ಹಬ್ಬದ ಸಾಮಾನಿಗೆ ಪೇಟೆಗೆ ಹೋಗಿದ್ವಿ. ಮೂರೂ ಮುಕ್ಕಾಲಿಗೆ ಬಂದು ನೋಡಿದ್ರೆ ಹಿಂಗೆ.”

“ಕೆಂಪೆಣ್ಣೆ ಮನೆಯಲ್ಲಿದೆಯಾ?”

ಅಮೃತೇಶನ ಮುಖ ಬಿಗಿಯಿತು. “ಅದನ್ನ ಅಪ್ಪಾಜಿ ಮೂರು ವರ್ಷದಿಂದ ಹೊಸ್ತಿಲು ದಾಟಿಸ್ತಿರ್ಲಿಲ್ಲ. ಆ ಎಣ್ಣೆಯಿಂದಾನೇ ಹಳೇ ಕೋವಿ ಸಿಡಿದದ್ದು. ನೀವೇ ಅಲ್ವಾ ಸರ್ ಬರೆದಿದ್ದು?”

ಹೌದು, ಅವರೇ ಬರೆದಿದ್ದರು.

ಕೆಂಪೆಣ್ಣೆ ಎಂದರೆ ಪುಟ್ಟಸ್ವಾಮಿಯ ಎಣ್ಣೆ. ಮೈಸೂರಿನ ಬಂದೂಕಿನ ಅಂಗಡಿಯೊಂದರಲ್ಲಿ ಮೂವತ್ತು ವರ್ಷ ದುಡಿದು, ಟಿ. ನರಸೀಪುರ ತಾಲ್ಲೂಕಿನ ಹೊಳೆದಂಡೆಯ ತನ್ನೂರಿಗೆ ಮರಳಿದ್ದ ಮನುಷ್ಯ ಆತ. ಸೀಮೆಎಣ್ಣೆಗೆ ಟರ್ಪೆಂಟೈನ್, ಕಾರಿನ ಗೇರ್‌ಬಾಕ್ಸಿಗೆ ಹಾಕುವ ಕೆಂಪು ಎಣ್ಣೆ, ಒಂದು ಚೂರು ಕರ್ಪೂರ ಸೇರಿಸಿ ಕಲಕಿ, ಕ್ವಾರ್ಟರ್ ಬಾಟಲಿಗಳಿಗೆ ತುಂಬಿಸುತ್ತಿದ್ದ. ಮಸಿ ಬಿಡಿಸುವುದೂ ಅದೇ, ತುಕ್ಕು ಹಿಡಿಯದಂತೆ ಕಾಯುವುದೂ ಅದೇ. ಆಯುಧಪೂಜೆ ಬಂತೆಂದರೆ ಎರಡೂ ತಾಲ್ಲೂಕಿನ ಲೈಸೆನ್ಸುದಾರರು ಅವನ ದಾರಿ ಕಾಯುತ್ತಿದ್ದರು. ಬಾಗಿಲಿಗೆ ಬಂದು, ಜಗಲಿಯಲ್ಲಿ ಕೂತು, ಕೋವಿ ಉಜ್ಜಿ, ಟವೆಲಿನ ಮೇಲೆ ಮಲಗಿಸಿ, ಅದಕ್ಕೊಂದು ನಮಸ್ಕಾರ ಹಾಕಿ ಹೋಗುತ್ತಿದ್ದ. ಅದೆಲ್ಲ 2022ರ ನವೆಂಬರ್‌ವರೆಗೆ.

ಆ ತಿಂಗಳು ಹೊಳೆಯ ಆಚೆಗಿದ್ದ ಸಿದ್ದಮಲ್ಲಪ್ಪನವರ ಕಬ್ಬಿನ ಗದ್ದೆಯಲ್ಲಿ ಹಂದಿ ಕಾಯುತ್ತಿದ್ದವನು ಪುಟ್ಟಸ್ವಾಮಿಯ ಒಬ್ಬನೇ ಮಗ ರಾಜು, ಇಪ್ಪತ್ನಾಲ್ಕು ವರ್ಷದವನು. ಹಂದಿಗೆ ಗುರಿಯಿಟ್ಟು ಹೊಡೆದ. ನಳಿಗೆ ಸಿಡಿದು ಅದರ ಚೂರು ಕುತ್ತಿಗೆಗೆ ಬಡಿದು ಅಲ್ಲೇ ಸತ್ತ. ಪರವಾನಗಿ ಇಲ್ಲದವನ ಕೈಗೆ ಕೋವಿ ಕೊಟ್ಟದ್ದೇ ಅಪರಾಧ. ಸಿದ್ದಮಲ್ಲಪ್ಪ ಎರಡೇ ಮಾತು ಹೇಳಿದರು: ಹುಡುಗ ಕೇಳದೆ ತೆಗೆದುಕೊಂಡು ಹೋಗಿದ್ದ, ಅವನಪ್ಪನ ಎಣ್ಣೆ ನಳಿಗೆಯನ್ನು ತಿಂದುಹಾಕಿತ್ತು. ಚೆಲುವರಾಜು ಅದನ್ನೇ ಬರೆದುಕೊಂಡು, ಪುಟ್ಟಸ್ವಾಮಿಯನ್ನು ಒಂದು ಮಾತೂ ಕೇಳದೆ, ಎಂಟು ದಿನದಲ್ಲಿ ಕಡತ ಮುಚ್ಚಿದ್ದರು. ಆ ವಾರ ಬಂದೋಬಸ್ತಿನ ಕೆಲಸ ತುಂಬಾ ಇತ್ತು. ಕಾರಣ ಕೇಳಿದರೆ ಅವರ ಹತ್ತಿರ ಇದ್ದದ್ದು ಇಷ್ಟೇ.

ಪಂಚನಾಮೆ ಮುಗಿದಾಗ ಆರೂವರೆ. ಸಿದ್ದಮಲ್ಲಪ್ಪನವರ ಹೆಂಡತಿ ಸಿದ್ದಲಿಂಗಮ್ಮ ನಡುಮನೆಯ ಗೋಡೆಗೆ ಒರಗಿ ಕೂತಿದ್ದರು. ಅರ್ಪಿತ ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದಳು.

“ಅಮ್ಮಾ, ಯಜಮಾನ್ರು ಯಾರನ್ನಾದ್ರೂ ಬರೋಕೆ ಹೇಳಿದ್ರಾ?”

“ನೆನ್ನೆ ಫೋನಲ್ಲಿ ಯಾರಿಗೋ, ನಾಳೆ ಮಧ್ಯಾಹ್ನ ಬಾ, ಮನೇಲಿ ಯಾರೂ ಇರಲ್ಲ ಅಂತಿದ್ರು ಕಣವ್ವ. ಕೇಳಿದ್ರೆ, ಬೋರ್‌ವೆಲ್ಲಿನವ್ನು ಅಂದ್ರು.”

ಸಿದ್ದಮಲ್ಲಪ್ಪನವರ ಫೋನಿನಲ್ಲಿ ಆ ಕರೆ ಇತ್ತು: 29ನೇ ತಾರೀಖು, ಬೆಳಿಗ್ಗೆ ಹತ್ತು ಹನ್ನೆರಡು. ಅದು ಯಾರ ಹೆಸರಿನ ನಂಬರು ಎಂದು ಮಹಾದೇವಸ್ವಾಮಿ ವಿಚಾರಿಸಿದರು. ಚಿಕ್ಕಬಸಮ್ಮ, ಗಂಡ ಪುಟ್ಟಸ್ವಾಮಿ.

ಅಕ್ಟೋಬರ್ 1, ಬೆಳಿಗ್ಗೆ ಒಂಬತ್ತೂವರೆಗೆ ಮರಣೋತ್ತರ ಪರೀಕ್ಷೆ ಮುಗಿಯಿತು. ಗಾಯದ ಸುತ್ತ ಸುಟ್ಟ ಗುರುತಿಲ್ಲ, ಎದುರಿನಿಂದ ಐದಾರು ಅಡಿ ದೂರದಲ್ಲಿ ಹೊಡೆದದ್ದು, ಸ್ವಂತ ಕೈಯಲ್ಲಿದ್ದ ಕೋವಿಯಿಂದ ಹೀಗಾಗದು ಎಂದರು ವೈದ್ಯರು. ಹತ್ತೂಕಾಲಿಗೆ ಭಾರತೀಯ ನ್ಯಾಯ ಸಂಹಿತೆಯ ಕಲಂ 103ರ ಕೆಳಗೆ ಕೊಲೆಯ ಎಫ್‌ಐಆರ್ ದಾಖಲಾಯಿತು. ಅಷ್ಟರಲ್ಲಿ ರಾಜುವಿನ ಸಾವಿನ ಹಳೆಯ ಕಡತದ ಪ್ರತಿ ವಾಟ್ಸಾಪಿನಲ್ಲಿ ಬಂದಿತ್ತು. ತಮ್ಮದೇ ಅಕ್ಷರ. ಸ್ಥಳದಲ್ಲಿ ಸಿಕ್ಕ ವಸ್ತುಗಳ ಪಟ್ಟಿಯನ್ನು ಚೆಲುವರಾಜು ಬೆರಳಿಟ್ಟು ಓದಿದರು. ನಾಲ್ಕನೆಯದು: ಅರ್ಧ ಸುಟ್ಟ ಬಟ್ಟೆಯ ತುಂಡು, ಒಂದು.

ಟಿ. ನರಸೀಪುರದ ರಸ್ತೆಯುದ್ದಕ್ಕೂ ಚೆಂಡುಹೂವಿನ ಹಾರ ಹಾಕಿಕೊಂಡ ಲಾರಿಗಳು, ಟ್ರ್ಯಾಕ್ಟರುಗಳು, ಒಡೆದ ಬೂದುಗುಂಬಳದ ಕುಂಕುಮದ ಹೋಳುಗಳು.

ಪುಟ್ಟಸ್ವಾಮಿ ಮನೆಯ ಮುಂದಿನ ಕಟ್ಟೆಯ ಮೇಲೆ, ಒಗೆದ ಅಂಗಿ ತೊಟ್ಟು, ಪಕ್ಕದಲ್ಲಿ ಒಂದು ಬಟ್ಟೆಯ ಚೀಲ ಇಟ್ಟುಕೊಂಡು ಕೂತಿದ್ದ. ಅರವತ್ತು ದಾಟಿದ ಒಣಕಲು ಆಳು. ಒಳಗೆ ಹೆಂಡತಿ ಪಾತ್ರೆ ತೊಳೆಯುತ್ತಿದ್ದ ಸದ್ದು ಕೇಳುತ್ತಿತ್ತು.

“ಬನ್ನಿ ಸಾ. ನೆನ್ನೇನೇ ಬತ್ತೀರಿ ಅಂದ್ಕಂಡಿದ್ದೆ.”

“ನಿನ್ನೆ ಮಧ್ಯಾಹ್ನ ಎಲ್ಲಿದ್ರಿ?”

“ಸಿದ್ದಮಲ್ಲಪ್ನೋರ ತ್ವಾಟದಲ್ಲಿ.”

“ಯಾಕೆ ಹೋಗಿದ್ರಿ?”

“ಅವ್ರೇ ಕರುದ್ರು. ಮಳೇಲಿ ಕೋವಿ ತುಕ್ಕಿಡ್ದದೆ, ಅಂಗ್ಡಿ ಎಣ್ಣೆ ಯಾತ್ಕೂ ಬರಲ್ಲ, ನಿಂದೇ ತಕ್ಕಂಬಾ, ಯಾರ್ಗೂ ಯೋಳ್ಬ್ಯಾಡ ಅಂದ್ರು.”

“ಅಷ್ಟೆಲ್ಲ ಆದ ಮೇಲೂ ಹೋದ್ರಾ?”

“ಓದೆ ಸಾ. ಮೂರ್ ವರ್ಸದಿಂದ ಒಬ್ರೂ ನನ್ ಎಣ್ಣೆ ಮುಟ್ಟಿರ್ನಿಲ್ಲ. ಮಗನ್ನ ತಿಂದ ಎಣ್ಣೆ ಅಂತಿದ್ರು. ಕರುದ್ರಲ್ಲ ಅಂತ ಓದೆ. ಮಾನ ಮರ್ವಾದೆ ಇಲ್ದಂಗೆ ಓದೆ.”

ಮಹಾದೇವಸ್ವಾಮಿ ಹೇಳಿಕೆ ಬರೆದುಕೊಳ್ಳುತ್ತಿದ್ದರು. ಪುಟ್ಟಸ್ವಾಮಿ ಅವರ ಪೆನ್ನು ನಿಲ್ಲುವವರೆಗೆ ಕಾದು, ಮುಂದಿನ ಮಾತಾಡುತ್ತಿದ್ದ. ಅಂಗಡಿಯಲ್ಲಿ ಕಲಿತ ಶಿಸ್ತು.

“ಕೋವಿ ಕೈಗ್ ಕೊಟ್ರು. ನಳಿಗೆ ಬಾಯ್ಗೆ ಬಟ್ಟೆ ತುರುಕಿತ್ತು. ಇದೇನ್ ಬುದ್ದಿ ಅಂದೆ. ಕಣಜ ಗೂಡ್ ಕಟ್ತದೆ ಕಣ್ಲಾ, ಅದ್ಕೇ ಯಾವಾಗ್ಲೂ ತುರುಕಿರ್ತೀನಿ ಅಂದ್ರು. ಬಾಯ್ ಕಟ್ಟಿದ್ ನಳಿಗೇಲಿ ಗುಂಡು ಒಡುದ್ರೆ ನಳಿಗೇನೇ ಸಿಡಿತದೆ ಸಾ. ಆ ಅಳೇ ಕೋವಿಗೂ ತುರುಕಿದ್ರಾ ಅಂತ ಕೇಳ್ದೆ.”

“ಏನಂದ್ರು?”

“ಊ ಕಣ್ಲಾ, ನಿನ್ ಮಗಂಗೆ ಯೋಳದು ಮರ್ತೋಯ್ತು ಅಂದ್ರು. ಮತ್ಯಾಕೆ ಬುದ್ದಿ ನನ್ ಎಣ್ಣೆ ಮ್ಯಾಲೆ ಆಕುದ್ರಿ ಅಂದೆ. ಇಲ್ದಿದ್ರೆ ಲೈಸೆನ್ಸು ಓಗ್ತಿತ್ತು, ಆಗೋದ್ ಆಯ್ತು, ಬಿರ್‍ನೆ ಉಜ್ಜು, ಮನೆಯೋರು ಬಂದ್ಬುಟ್ಟಾರು ಅಂದ್ರು.” ಅವನು ತನ್ನ ಅಂಗೈ ನೋಡಿಕೊಂಡ. “ಮೂರ್ ವರ್ಸ ಸಾ. ಈ ಕೈಯಿ ನನ್ ಮಗನ್ನ ಕೊಂದದೆ ಅಂತ ನಂಬ್ಕಂಡಿದ್ದೆ. ಅವ್ರು ಮರ್ತೋಯ್ತು ಅಂದ್ರು. ತೋಟಾ ಪಟ್ಟಿ ಗ್ವಾಡೆಗೆ ನೇತಾಕಿದ್ರು. ಒಂದ್ ತೋಟಾ ತಕ್ಕಂಡೆ. ಆಕ್ದೆ. ಒಡ್ದೆ.”

“ಆಮೇಲೆ?”

“ಆಮೇಲೆ ಉಜ್ಜಿ ಮಡಗ್ಬುಟ್ಟು ಬಂದೆ.”

ಚೆಲುವರಾಜು ತನಿಖಾಧಿಕಾರಿ ಕೇಳಬಾರದ ಮಾತನ್ನು ಕೇಳಿದರು. “ಯಾಕೆ ಉಜ್ಜಿದ್ರಿ? ಹಾಗೇ ಬಿಟ್ಟು ಬಂದಿದ್ರೆ, ಆಕಸ್ಮಿಕ ಅಂತ ಬರೆದು ನಾವೇ ಮುಗಿಸಿಬಿಡ್ತಿದ್ವೇನೋ.”

ಪುಟ್ಟಸ್ವಾಮಿ ಅವರನ್ನು ಅರ್ಥವಾಗದವನಂತೆ ನೋಡಿದ. “ಒಡ್ದ ನಳಿಗೇನ ಅಂಗೇ ಬುಡಕ್ಕಾಯ್ತದಾ ಸಾ? ತುಕ್ಕಿಡಿತದೆ.”

ಚೀಲದೊಳಗೆ ಅರ್ಧ ಖಾಲಿಯಾದ ಕ್ವಾರ್ಟರ್ ಬಾಟಲಿ, ಉಜ್ಜುವ ಕೋಲು, ಮಸಿಯಾದ ಬಟ್ಟೆಗಳಿದ್ದವು. ಅವನ್ನು ಜಪ್ತಿ ಮಾಡಿದ ಮೇಲೆ ಅವನು ಅಂಗಿಯ ಜೇಬಿನಿಂದ ಇನ್ನೊಂದು ಬಟ್ಟೆಯನ್ನು ತೆಗೆದು ಕೊಟ್ಟ. ಹಳೆಯ ಪಂಚೆಯಿಂದ ಹರಿದು ಬಿಗಿಯಾಗಿ ಸುತ್ತಿದ್ದ ತುಂಡು.

“ಇದು ನಳಿಗೆ ಬಾಯ್ಲಿ ಇದ್ದುದ್ದು. ಆವತ್ತು ಇಂತದ್ದು ನಿಮ್ಗೆ ಸಿಕ್ಕಿರ್ನಿಲ್ವಾ ಸಾ?”

“ಸಿಕ್ಕಿತ್ತು,” ಎಂದರು ಚೆಲುವರಾಜು. “ಬರೆದೂ ಇದ್ದೆ. ಒರೆಸೋ ಬಟ್ಟೆ ಅಂದ್ಕೊಂಡೆ.”

“ಒರ್ಸೋ ಬಟ್ಟೆ ಅಂಗೈ ಅಗಲ ಇರ್ತದೆ. ಅದ್ನ ಇಂಗೆ ಸುತ್ತಲ್ಲ. ನನ್ನ ಒಂದ್ಮಾತು ಕೇಳಿದ್ರೆ ನಾನೇ ಯೋಳ್ತಿದ್ನಲ್ಲ.”

ಚೆಲುವರಾಜು ಅರ್ಪಿತಳಿಂದ ಟೇಪು ಇಸಿದುಕೊಂಡು ಬಟ್ಟೆಯನ್ನು ತಾವೇ ಬಿಡಿಸಿ ಅಳೆದು, ಜಪ್ತಿ ಪಂಚನಾಮೆಯಲ್ಲಿ ಬರೆಸಿದರು: ಬಟ್ಟೆಯ ತುಂಡು, ಒಂದು, ಉದ್ದ ಹತ್ತು ಇಂಚು, ಅಗಲ ಮೂರು. ಅಳೆಯಲು ಒಂದು ನಿಮಿಷವೂ ಹಿಡಿಯಲಿಲ್ಲ.

ದಸ್ತಗಿರಿ ಪತ್ರ ತುಂಬುವಾಗ ಆರೋಗ್ಯ, ಔಷಧಿ, ಊಟ ಎಲ್ಲವನ್ನೂ ಕೇಳಿ ಬರೆಯಬೇಕು. ನಿನ್ನೆ ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಎಂದ ಪುಟ್ಟಸ್ವಾಮಿ. ಸಹಿ ಹಾಕಿ, ದನಿ ಇಳಿಸಿದ.

“ಸಾ, ಒಳ್ಗೆ ಇವ್ಳಿಗೆ ಒಂದ್ಮಾತು ಯೋಳ್ಬುಡಿ. ನಿಮ್ ಕಾಗ್ದದಲ್ಲಿ ಇದ್ದುದ್ದ ಊರೋರು ಓದಿ ಯೋಳಿದ್ ದಿನದಿಂದ ನನ್ ಕುಟ್ಟೆ ಮಾತಾಡ್ನಿಲ್ಲ. ತಟ್ಟೆ ಮಡಗ್ತಾಳೆ, ಒಳೀಕೋಯ್ತಾಳೆ. ನಾನ್ ಯೋಳುದ್ರೆ ನಂಬಲ್ಲ. ನೀವ್ ಬರ್ದಿದ್ನ ನಂಬಿದ್ಲು. ನೀವ್ ಯೋಳುದ್ರೆ ನಂಬ್ತಾಳೆ.”

ಚೆಲುವರಾಜು ಟೋಪಿಯನ್ನು ಕೈಯಲ್ಲಿ ಹಿಡಿದು ಒಳಗೆ ಹೋದರು. ಚಿಕ್ಕಬಸಮ್ಮ ಬಚ್ಚಲಿನ ಹತ್ತಿರ ಕೂತು ತೊಳೆದಿದ್ದ ತಟ್ಟೆಯನ್ನೇ ಮತ್ತೆ ತೊಳೆಯುತ್ತಿದ್ದಳು. ಗೋಡೆಯ ಮೇಲೆ ರಾಜುವಿನ ಫೋಟೊ, ಹಬ್ಬದ ಹೂವು ಮುಡಿಸಿತ್ತು.

“ಅಮ್ಮಾ, ನಿಮ್ಮ ಮಗ ಸತ್ತದ್ದು ಎಣ್ಣೆಯಿಂದ ಅಲ್ಲ. ಸಿದ್ದಮಲ್ಲಪ್ಪನವರು ನಳಿಗೆಗೆ ಬಟ್ಟೆ ತುರುಕಿದ್ರು, ಅವನಿಗೆ ಹೇಳಿರಲಿಲ್ಲ. ನಾನು ತಪ್ಪು ಬರೆದೆ.”

ಅವಳು ತಟ್ಟೆಯನ್ನು ಕೆಳಗಿಟ್ಟಳು.

“ಮೂರ್ ವರ್ಸ ಆಯ್ತಲ್ಲ ಸಾ,” ಎಂದಳು. “ಇದ ಯೋಳಕ್ಕೆ ನಮ್ಮೋರು ಒಂದ್ ಜೀವ ತಗೀಬೇಕಾಯ್ತಾ?”

ಹಳೆಯ ಪ್ರಕರಣದ ತನಿಖೆಯಲ್ಲಿ ತಮ್ಮಿಂದ ಲೋಪವಾಗಿದೆ ಎಂದು ಮೇಲಧಿಕಾರಿಗಳಿಗೆ ವರದಿ ಬರೆಯುವುದೆಂದು ಚೆಲುವರಾಜು ಬಟ್ಟೆ ಅಳೆಯುವಾಗಲೇ ತೀರ್ಮಾನಿಸಿದ್ದರು. ಅದನ್ನು ಇವಳಿಗೆ ಹೇಳಿ ಏನು ಪ್ರಯೋಜನ? ಅವರ ಮೇಲೆ ಏನು ಕ್ರಮವಾದರೂ ಇವಳ ಮಗ ಬರುವುದಿಲ್ಲ. ಇನ್ನು ಗಂಡನೂ ಬರುವುದಿಲ್ಲ.

ಮಧ್ಯಾಹ್ನ ಒಂದು ಐವತ್ತು. ಪುಟ್ಟಸ್ವಾಮಿಯನ್ನು ಜೀಪಿನ ಹಿಂದೆ, ಮಹಾದೇವಸ್ವಾಮಿಯ ಪಕ್ಕದಲ್ಲಿ ಕೂರಿಸಿದರು. ಡ್ರೈವರ್ ಗಾಡಿ ಚಾಲೂ ಮಾಡಿದ ಮೇಲೆ ಚಿಕ್ಕಬಸಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು. ಜೀಪಿನ ಕಂಬಿ ಹಿಡಿದು ನಿಂತು ಗಂಡನ ಮುಖವನ್ನು ನೋಡಿದಳು.

“ಉಂಡ್ರಾ?” ಎಂದಳು.

“ಉಂಡೆ ಕಣಮ್ಮಿ,” ಎಂದ ಪುಟ್ಟಸ್ವಾಮಿ.

ಚೆಲುವರಾಜುವಿನ ತೊಡೆಯ ಮೇಲಿದ್ದ ದಸ್ತಗಿರಿ ಪತ್ರದಲ್ಲಿ ಬೇರೆಯೇ ಬರೆದಿತ್ತು. ಅವರು ಡ್ರೈವರ್‌ಗೆ ಎಂಜಿನ್ ಆಫ್ ಮಾಡಲು ಹೇಳಿ, ಕೆಳಗಿಳಿದು, ಊಟ ತಂದುಕೊಡುವಂತೆ ಚಿಕ್ಕಬಸಮ್ಮನಿಗೆ ಹೇಳಿದರು. ಹೊರಟ ಸಮಯ ಎರಡು ಇಪ್ಪತ್ತು ಎಂದು ದಾಖಲಾಯಿತು. ತಡವಾದದ್ದಕ್ಕೆ ಕಾರಣವನ್ನು ಅವರು ಬರೆಯಲಿಲ್ಲ.